ಎಂಆರ್‌ಪಿಎಲ್: 1.09 ಲಕ್ಷ ಕೋಟಿ ವಹಿವಾಟು, 51 ಕೋಟಿ ಲಾಭ. ಈ ಲೆಕ್ಕ ಓದುವುದು ಹೇಗೆ?

ಕುಳಾಯಿ_ವಾಚಕ (ಪ್ರಶ್ನೆ)

ಮಂಗಳೂರಿನ ತೈಲ ಸಂಸ್ಕರಣಾಗಾರ (ರಿಫೈನರಿ) ಎಂಆರ್‌ಪಿಎಲ್‌ನ ಮೂರು ವರ್ಷದ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಬಕಾರಿ ಸುಂಕ ಸೇರಿದ ಒಟ್ಟು ವಹಿವಾಟು, ನಿವ್ವಳ ಲಾಭ ಮತ್ತು ಜಿಆರ್‌ಎಂ (ಬ್ಯಾರೆಲ್ ಮೇಲಿನ ಸಂಸ್ಕರಣಾ ಅಂತರ) ಹೀಗಿವೆ:

2022-23: ₹1,24,736 ಕೋಟಿ, ಲಾಭ ₹2,638 ಕೋಟಿ, ಬ್ಯಾರೆಲ್‌ಗೆ 9.88 ಡಾಲರ್
2023-24: ₹1,05,223 ಕೋಟಿ, ಲಾಭ ₹3,596 ಕೋಟಿ, 10.36 ಡಾಲರ್
2024-25: ₹1,09,277 ಕೋಟಿ, ಲಾಭ ₹51 ಕೋಟಿ, 4.45 ಡಾಲರ್

ಕೊನೆಯ ವರ್ಷ ಸಂಸ್ಕರಿಸಿದ ಕಚ್ಚಾತೈಲ ಹಿಂದಿನ ವರ್ಷಕ್ಕಿಂತ ಜಾಸ್ತಿ. 16.5 ದಶಲಕ್ಷ ಟನ್ ಇದ್ದದ್ದು 18ರ ಹತ್ತಿರ ಬಂದಿದೆ. ಮಾಲು ಹೆಚ್ಚು, ವಹಿವಾಟು ಹೆಚ್ಚು, ಲಾಭ ಮಾತ್ರ ಮಾಯ. ಯಾವ ಸಾಲು ನೋಡಿದರೆ ಇದು ಅರ್ಥವಾಗುತ್ತದೆ?

ಇದರ ಜೊತೆಗೆ ಇನ್ನೊಂದು ಅನುಮಾನ. ಊರಲ್ಲಿ ಚರ್ಚೆ ನಡೆದಾಗಲೆಲ್ಲ "ಲಕ್ಷ ಕೋಟಿಯ ಕಂಪನಿ, ರಾಜ್ಯದ ಆರ್ಥಿಕತೆಯ ನೂರಕ್ಕೆ ನಾಲ್ಕು ಪಾಲು ಅದರದ್ದೇ" ಎನ್ನುತ್ತಾರೆ. 2023-24ರಲ್ಲಿ ರಾಜ್ಯದ ಜಿಎಸ್‌ಡಿಪಿ (ಒಟ್ಟು ಆಂತರಿಕ ಉತ್ಪನ್ನ) ಸುಮಾರು 25 ಲಕ್ಷ ಕೋಟಿ, ಅದರಲ್ಲಿ ಒಂದು ಲಕ್ಷ ಕೋಟಿ ಅಂದರೆ 4%. ಈ ಭಾಗಾಕಾರ ಸರಿಯೇ?

---

ಕ್ರ್ಯಾಕ್_ಸ್ಪ್ರೆಡ್

ಮೊದಲು ವಹಿವಾಟಿನ ಸಾಲನ್ನು ಕೈಯಲ್ಲಿ ಮುಚ್ಚಿಬಿಡಿ. ರಿಫೈನರಿಯ ವಹಿವಾಟು ಎಂದರೆ ಬಹುಪಾಲು ಕಚ್ಚಾತೈಲದ ಬೆಲೆ ಮತ್ತು ಸುಂಕ, ಅಷ್ಟೆ. ಭತ್ತ ಕೊಂಡು ಅಕ್ಕಿ ಮಾರುವ ಮಿಲ್ಲಿನ ಹಾಗೆ: ಭತ್ತದ ದರ ಏರಿದ ವರ್ಷ ವಹಿವಾಟು ಏರುತ್ತದೆ, ಮಿಲ್ಲಿನವನ ಕೈಗೆ ಉಳಿಯುವುದು ಬೇರೆ ಲೆಕ್ಕ. 2022-23ರಲ್ಲಿ ವಹಿವಾಟು ಅತಿ ಹೆಚ್ಚು ಇದ್ದದ್ದು ಯುಕ್ರೇನ್ ಯುದ್ಧದ ನಂತರ ತೈಲ ದುಬಾರಿಯಾಗಿದ್ದರಿಂದ.

ನೋಡಬೇಕಾದದ್ದು ಜಿಆರ್‌ಎಂ, ಅಂದರೆ ಒಂದು ಬ್ಯಾರೆಲ್ ಕಚ್ಚಾತೈಲದಿಂದ ಹೊರಬಂದ ಎಲ್ಲ ಉತ್ಪನ್ನಗಳ ಮೌಲ್ಯದಿಂದ ಆ ಬ್ಯಾರೆಲಿನ ಖರೀದಿ ಬೆಲೆ ಕಳೆದರೆ ಉಳಿಯುವುದು. ಒಳಗೇ ಉರಿದುಹೋಗುವ ಇಂಧನ ಮತ್ತು ನಷ್ಟ, ಈ ತರಹದ ಸಂಕೀರ್ಣ ಘಟಕದಲ್ಲಿ ನೂರಕ್ಕೆ ಹತ್ತರ ಆಸುಪಾಸು, ಅದರೊಳಗೇ ಕಳೆದುಹೋಗಿರುತ್ತದೆ. ಸಂಬಳ, ಬಡ್ಡಿ, ಸವಕಳಿ, ರಾಸಾಯನಿಕ, ದುರಸ್ತಿ ಇವೆಲ್ಲ ಕಳೆದಿರುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಒಂದು ಟನ್ನಿಗೆ ಸುಮಾರು 7.4 ಬ್ಯಾರೆಲ್ ಹಿಡಿಯಿರಿ.

2023-24: 16.5 ದಶಲಕ್ಷ ಟನ್ × 7.4 = 12.2 ಕೋಟಿ ಬ್ಯಾರೆಲ್. × 10.36 ಡಾಲರ್ × ₹82.8 = ಸುಮಾರು ₹10,450 ಕೋಟಿ.

2024-25: 18 ದಶಲಕ್ಷ ಟನ್ × 7.4 = 13.3 ಕೋಟಿ ಬ್ಯಾರೆಲ್. × 4.45 ಡಾಲರ್ × ₹84.5 = ಸುಮಾರು ₹5,000 ಕೋಟಿ.

ವ್ಯತ್ಯಾಸ ₹5,400 ಕೋಟಿ ಚಿಲ್ಲರೆ. ಈಗ ತೆರಿಗೆಗೆ ಮುಂಚಿನ ಲಾಭ ನೋಡಿ: 2023-24ರಲ್ಲಿ ಸುಮಾರು ₹5,500 ಕೋಟಿ, ಮರುವರ್ಷ ನೂರು ಕೋಟಿ ಆಸುಪಾಸು. ಹೋದ ದುಡ್ಡೆಲ್ಲ ಒಂದೇ ಕಡೆ ಹೋಗಿದೆ.

ಇದೇ ಲೆಕ್ಕದಿಂದ ಇನ್ನೆರಡು ಸಂಖ್ಯೆ ಸಿಗುತ್ತವೆ. ಜಿಆರ್‌ಎಂ ಒಂದು ಡಾಲರ್ ಏರಿಳಿದರೆ ವರ್ಷಕ್ಕೆ ತೆರಿಗೆ ಪೂರ್ವ ಲಾಭದಲ್ಲಿ ₹1,100 ಕೋಟಿ ಆಚೀಚೆ. ಮತ್ತು ಎಲ್ಲ ಖರ್ಚು ಸರಿದೂಗಲು ಬೇಕಾದ ಜಿಆರ್‌ಎಂ 4.4 ಡಾಲರ್ ಹತ್ತಿರ. 4.45 ಬಂದಿತ್ತು, ಹಾಗಾಗಿ ತಲೆ ನೀರಿನ ಮೇಲೆ ಉಳಿಯಿತು.

ಜಿಆರ್‌ಎಂ ಯಾಕೆ ಬಿತ್ತು ಅಂದರೆ, ಕಚ್ಚಾತೈಲಕ್ಕೂ ಡೀಸೆಲ್, ವಿಮಾನ ಇಂಧನಗಳಿಗೂ ನಡುವಿನ ಬೆಲೆ ಅಂತರ 2022-23ರ ಎತ್ತರದಿಂದ ಇಳಿದು ಸಾಮಾನ್ಯ ಮಟ್ಟಕ್ಕೆ ಬಂತು. ರಷ್ಯಾದ ತೈಲದ ಮೇಲಿದ್ದ ರಿಯಾಯಿತಿಯೂ ಕಿರಿದಾಯಿತು. ಪಾಲಿಯೆಸ್ಟರ್‌ಗೆ ಬೇಕಾದ ಪ್ಯಾರಾಕ್ಸಿಲೀನ್, ಪ್ಲಾಸ್ಟಿಕ್ಕಿನ ಪಾಲಿಪ್ರೊಪಿಲೀನ್ ಮಾರುಕಟ್ಟೆಯೂ ಚೀನಾದ ಹೊಸ ಘಟಕಗಳ ಹೊಡೆತದಿಂದ ಸಪ್ಪೆಯಾಗಿತ್ತು. ಹೆಚ್ಚು ಟನ್ ಸಂಸ್ಕರಿಸಿದ್ದು ಒಳ್ಳೆಯ ಕೆಲಸವೇ, ಆದರೆ ಟನ್ನು ನೂರಕ್ಕೆ ಹತ್ತರ ಹತ್ತಿರ ಏರಿ ಅಂತರ ಅರ್ಧಕ್ಕಿಂತ ಕೆಳಗಿಳಿದರೆ ಏನು ಮಾಡಲಿಕ್ಕಾಗುತ್ತದೆ.

---

ಖಾತೆ_ಕಿರ್ದಿ

ಮೇಲಿನ ಗುಣಾಕಾರ ಸರಿ. ವಾರ್ಷಿಕ ವರದಿ ಎದುರಿಗಿಟ್ಟು ಓದುವವರು ಎಡವುವ ನಾಲ್ಕು ಜಾಗ ಸೇರಿಸುತ್ತೇನೆ.

ಒಂದು, ಅಬಕಾರಿ ಸುಂಕ. ಲಾಭ-ನಷ್ಟ ತಖ್ತೆಯಲ್ಲಿ ಆದಾಯದ ಸಾಲಿನಲ್ಲಿ ಸುಂಕ ಸೇರಿಸಿ ತೋರಿಸಿ, ಕೆಳಗೆ ಖರ್ಚಿನಲ್ಲಿ ಅದೇ ಮೊತ್ತ ಕಳೆಯುತ್ತಾರೆ. 2023-24ರ 1.05 ಲಕ್ಷ ಕೋಟಿಯಲ್ಲಿ ಸುಂಕ ತೆಗೆದರೆ ಉಳಿಯುವುದು 90 ಸಾವಿರ ಕೋಟಿ ಚಿಲ್ಲರೆ. ಷೇರು ತಾಣಗಳು ಕೆಲವು ಸುಂಕ ಕಳೆದ ಸಂಖ್ಯೆ ಹಾಕುತ್ತವೆ, ಪತ್ರಿಕೆಗಳು ಸುಂಕ ಸೇರಿದ್ದನ್ನು. ಎರಡನ್ನೂ ಬೆರೆಸಿ "ವಹಿವಾಟು ಇಷ್ಟು ಕುಸಿಯಿತು" ಎಂದು ಬರೆದವರೂ ಇದ್ದಾರೆ.

ಎರಡು, ದಾಸ್ತಾನು. ಇದೇ ಹೆಚ್ಚು ಜನರಿಗೆ ಕಾಣದ ಗುಂಡಿ. ಟ್ಯಾಂಕಿನಲ್ಲಿ, ಕೊಳವೆಯಲ್ಲಿ, ಹಡಗಿನಲ್ಲಿ ಎಲ್ಲ ಸೇರಿ ಉದಾಹರಣೆಗೆ 10 ಲಕ್ಷ ಟನ್ ತೈಲ ಇದೆ ಎಂದುಕೊಳ್ಳಿ, ಅಂದರೆ 74 ಲಕ್ಷ ಬ್ಯಾರೆಲ್. ಮೂರು ತಿಂಗಳಲ್ಲಿ ಬೆಲೆ 10 ಡಾಲರ್ ಇಳಿದರೆ ₹625 ಕೋಟಿ ಆವಿ. ಆ ತ್ರೈಮಾಸಿಕದಲ್ಲಿ ಸಂಸ್ಕರಿಸಿದ್ದು 3.3 ಕೋಟಿ ಬ್ಯಾರೆಲ್ ಆದರೆ ಜಿಆರ್‌ಎಂನಲ್ಲಿ 2 ಡಾಲರ್‌ಗೂ ಮಿಕ್ಕ ಕುಸಿತ ಕಾಣುತ್ತದೆ. ಘಟಕ ಹಿಂದಿನಷ್ಟೇ ಚೆನ್ನಾಗಿ ಓಡಿರುತ್ತದೆ. ಲೆಕ್ಕದ ನಿಯಮದ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಸಿಗುವ ನಿವ್ವಳ ಬೆಲೆ, ಎರಡರಲ್ಲಿ ಕಡಿಮೆಯದ್ದಕ್ಕೆ ಹಿಡಿಯಬೇಕು. ಹಾಗಾಗಿ ಬೆಲೆ ಇಳಿದಾಗ ಪೆಟ್ಟು ತಕ್ಷಣ ಬೀಳುತ್ತದೆ, ಏರಿದಾಗ ಲಾಭ ಮಾರಾಟವಾದ ಮೇಲೆಯೇ ಬರುತ್ತದೆ. ಕೊಲ್ಲಿಯಿಂದ ಬರುವ ಹಡಗಿಗೆ ವಾರ ಸಾಕು, ರಷ್ಯಾದ ಬಾಲ್ಟಿಕ್ ಬಂದರಿನಿಂದ ತಿಂಗಳ ಹತ್ತಿರ ಬೇಕು. ದೂರದ ತೈಲ ಅಗ್ಗ, ಆದರೆ ದಾರಿಯಲ್ಲಿ ಬೆಲೆ ಬದಲಾಗುವ ಅಪಾಯ ಹೆಚ್ಚು. ಕಂಪನಿ ದಾಸ್ತಾನು ಬಿಟ್ಟ ಜಿಆರ್‌ಎಂ ಪ್ರತ್ಯೇಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಮೂರು, ಡಾಲರ್ ಸಾಲ. 2022-23ರ ಜಿಆರ್‌ಎಂ 2023-24ಕ್ಕಿಂತ ಅರ್ಧ ಡಾಲರ್ ಮಾತ್ರ ಕಡಿಮೆ, ಟನ್ನು ಹೆಚ್ಚು, ಆದರೂ ಲಾಭ ಸಾವಿರ ಕೋಟಿ ಕಡಿಮೆ. ಆ ವರ್ಷ ರೂಪಾಯಿ ಡಾಲರ್‌ಗೆ 76ರ ಹತ್ತಿರದಿಂದ 82ಕ್ಕೆ ಇಳಿಯಿತು. ಡಾಲರ್‌ನಲ್ಲಿ ತೈಲ ಬಾಕಿ, ಡಾಲರ್‌ನಲ್ಲಿ ಸಾಲ ಇಟ್ಟುಕೊಂಡವರಿಗೆ ಅದರ ಬಿಸಿ ತಟ್ಟದೆ ಇರುವುದಿಲ್ಲ. ವಿದೇಶಿ ವಿನಿಮಯ ನಷ್ಟ ಎಂಬ ಟಿಪ್ಪಣಿ ಹುಡುಕಿ ಓದಿ. ಸಾಲ ತೀರಿಸಿದ್ದಕ್ಕೆ ಮಾತ್ರ ಈ ಆಡಳಿತಕ್ಕೆ ಅಂಕ ಕೊಡಬೇಕು: 2022ರ ಮಾರ್ಚ್‌ನಲ್ಲಿ 21 ಸಾವಿರ ಕೋಟಿ ಆಸುಪಾಸಿದ್ದದ್ದು ಎರಡೇ ವರ್ಷದಲ್ಲಿ 12-13 ಸಾವಿರ ಕೋಟಿಗೆ ಬಂತು. ಅದು ಆಗದೆ ಇದ್ದಿದ್ದರೆ 2024-25ರಲ್ಲಿ 51 ಕೋಟಿ ಲಾಭವೂ ಇರುತ್ತಿರಲಿಲ್ಲ, ಬಡ್ಡಿಯೇ ನುಂಗುತ್ತಿತ್ತು.

ನಾಲ್ಕು, ಒಎಂಪಿಎಲ್ ವಿಲೀನ. ಮಂಗಳೂರು ಎಸ್‌ಇಜೆಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ಇದ್ದ, ಪ್ಯಾರಾಕ್ಸಿಲೀನ್ ತರಹದ ರಾಸಾಯನಿಕ ಮಾಡುವ ಆ ಆರೊಮ್ಯಾಟಿಕ್ಸ್ ಘಟಕ 2022ರ ಮೇ ತಿಂಗಳಲ್ಲಿ ಎಂಆರ್‌ಪಿಎಲ್ ಒಳಗೆ ಸೇರಿತು. ಹಳೆಯ ವರ್ಷಗಳ ಲೆಕ್ಕವನ್ನು ಆಮೇಲೆ ತಿದ್ದಿ ಬರೆದಿದ್ದಾರೆ. 2020-21ರ ಹಳೆ ವರದಿ ಮತ್ತು 2022-23ರ ವರದಿ ಹೋಲಿಸಿದರೆ ಎರಡು ಬೇರೆ ಬೇರೆ ಕಂಪನಿ ಹೋಲಿಸಿದಂತೆ. ಯಾವಾಗಲೂ ಹೊಸ ವರದಿಯಲ್ಲಿ ಪಕ್ಕದ ಕಾಲಂನಲ್ಲಿ ಕೊಟ್ಟ ಹಿಂದಿನ ವರ್ಷದ ಸಂಖ್ಯೆ ಬಳಸಿ.

---

ಕುಳಾಯಿ_ವಾಚಕ

ಇಬ್ಬರಿಗೂ ಧನ್ಯವಾದ, ಜಿಆರ್‌ಎಂ ಲೆಕ್ಕ ಕೂತಿತು. ಆದರೆ ಅಬಕಾರಿ ಸುಂಕವೇ ವರ್ಷಕ್ಕೆ 14-15 ಸಾವಿರ ಕೋಟಿ ಆಯಿತಲ್ಲ. ಲಾಭ ಇಲ್ಲದಿದ್ದರೂ ಅಷ್ಟು ದುಡ್ಡು ಸರ್ಕಾರಕ್ಕೆ ಹೋಗುತ್ತಿದೆ ಎಂದರೆ ಅದನ್ನು ಕಂಪನಿಯ ಕೊಡುಗೆ ಎನ್ನಬಾರದೇ? ಅದರಲ್ಲಿ ಕರ್ನಾಟಕಕ್ಕೆ ಬರುವುದು ಎಷ್ಟು?

---

ತೆರಿಗೆ_ಪುಟ

ಸುಂಕ ಕಟ್ಟುವುದು ರಿಫೈನರಿ, ಹೊರುವುದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳುವವರು. ಪೆಟ್ರೋಲ್, ಡೀಸೆಲ್‌ಗೆ ಅಬಕಾರಿ ಸುಂಕವನ್ನು ರಿಫೈನರಿ ಗೇಟಿನಲ್ಲೇ ಕಟ್ಟಬೇಕು. ಸುಂಕ ಕಟ್ಟದೆ ಗೋದಾಮಿಗೆ ಒಯ್ಯುವ ಸೌಲಭ್ಯ 2004ರಲ್ಲೇ ನಿಂತಿತು. ಆದ್ದರಿಂದ ಎಂಆರ್‌ಪಿಎಲ್ ಪುಸ್ತಕದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ರಿಫೈನರಿ ಇಲ್ಲಿ ಇಲ್ಲದೆ ಅದೇ ಡೀಸೆಲ್ ಬೇರೆಡೆಯಿಂದ ಬಂದಿದ್ದರೂ ಕೇಂದ್ರಕ್ಕೆ ಅಷ್ಟೇ ಸುಂಕ ಸಿಗುತ್ತಿತ್ತು.

ಕರ್ನಾಟಕದ ಪಾಲು ಕೇಳಿದಿರಿ. 2024-25ರಲ್ಲಿ ಲೀಟರ್ ಪೆಟ್ರೋಲ್ ಮೇಲಿನ ಕೇಂದ್ರ ಸುಂಕ ₹19.90. ಒಡೆದು ನೋಡಿದರೆ: ಮೂಲ ಅಬಕಾರಿ ಸುಂಕ ₹1.40, ವಿಶೇಷ ಹೆಚ್ಚುವರಿ ಸುಂಕ ₹11, ಕೃಷಿ ಮೂಲಸೌಕರ್ಯ ಸೆಸ್ ₹2.50, ರಸ್ತೆ ಸೆಸ್ ₹5. ರಾಜ್ಯಗಳ ಜೊತೆ ಹಂಚಿಕೊಳ್ಳುವುದು ಮೂಲ ಸುಂಕವನ್ನು ಮಾತ್ರ. ಅದರ 41% ರಾಜ್ಯಗಳಿಗೆ, ಅದರೊಳಗೆ 15ನೇ ಹಣಕಾಸು ಆಯೋಗದ ಪ್ರಕಾರ ಕರ್ನಾಟಕಕ್ಕೆ 3.647%. ಗುಣಿಸಿ ನೋಡಿ: ಎರಡು ಪೈಸೆ. ಲೀಟರ್‌ಗೆ ಹತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆಯಲ್ಲಿ ಎರಡು ಪೈಸೆ.

ರಾಜ್ಯಕ್ಕೆ ನಿಜವಾಗಿ ದುಡ್ಡು ಬರುವುದು ಕರ್ನಾಟಕ ಮಾರಾಟ ತೆರಿಗೆಯಿಂದ. 2024ರ ಜೂನ್‌ನಲ್ಲಿ ಪೆಟ್ರೋಲ್‌ಗೆ 25.92ರಿಂದ 29.84%ಕ್ಕೆ, ಡೀಸೆಲ್‌ಗೆ 14.34ರಿಂದ 18.44%ಕ್ಕೆ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಡೀಸೆಲ್ 21.17% ಆಯಿತು. ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲ್‌ಗೆ ಈ ತೆರಿಗೆ ಆಗ ₹23 ಆಸುಪಾಸು ಇತ್ತು. ಆದರೆ ಈ ತೆರಿಗೆ ಸೇರುವುದು ತೈಲ ಮಾರಾಟವಾದ ರಾಜ್ಯಕ್ಕೆ. ಮಂಗಳೂರಿನಲ್ಲಿ ತಯಾರಾದ ಡೀಸೆಲ್ ಕಾಸರಗೋಡಿನ ಬಂಕಿಗೆ ಹೋದರೆ ತೆರಿಗೆ ಕೇರಳಕ್ಕೆ. ಹಡಗಿನಲ್ಲಿ ರಫ್ತಾದರೆ ಯಾರಿಗೂ ಇಲ್ಲ. ಗುಜರಾತಿನ ಜಾಮ್‌ನಗರದ ತೈಲ ಬೀದರಿನಲ್ಲಿ ಮಾರಾಟವಾದರೆ ನಮಗೆ.

ರಫ್ತಿನ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. 2022ರ ಜುಲೈ 1ರಿಂದ ರಫ್ತಿನ ಮೇಲೆ ವಿಶೇಷ ಸುಂಕ ಹಾಕಿದ್ದರು, ಮೊದಲ ದಿನದ ದರ ಡೀಸೆಲ್‌ಗೆ ಲೀಟರ್‌ಗೆ ₹13. ಎರಡು ವಾರಕ್ಕೊಮ್ಮೆ ದರ ಬದಲಾಗುತ್ತ ಹೋಗಿ 2024ರ ಡಿಸೆಂಬರ್‌ನಲ್ಲಿ ರದ್ದಾಯಿತು. ಎಸ್‌ಇಜೆಡ್ ರಿಫೈನರಿಗೆ ಅದರಿಂದ ವಿನಾಯಿತಿ ಇತ್ತು, ಎಂಆರ್‌ಪಿಎಲ್‌ನ ಕುತ್ತೆತ್ತೂರು ಘಟಕ ಎಸ್‌ಇಜೆಡ್ ಅಲ್ಲ. 2022-23ರ ಫಲಿತಾಂಶವನ್ನು ಬೇರೆ ರಿಫೈನರಿ ಜೊತೆ ಹೋಲಿಸುವಾಗ ಇದು ನೆನಪಿರಲಿ.

ಜಿಎಸ್‌ಟಿ ಬೇರೆಯದೇ ತಲೆನೋವು. ಕಚ್ಚಾತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ನೈಸರ್ಗಿಕ ಅನಿಲ ಐದೂ ಜಿಎಸ್‌ಟಿ ಹೊರಗೆ. ಎಲ್‌ಪಿಜಿ, ನಾಫ್ತಾ, ಬಿಟುಮೆನ್, ಪೆಟ್‌ಕೋಕ್, ಪಾಲಿಪ್ರೊಪಿಲೀನ್ ಒಳಗೆ. ಪಂಪು, ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕುಗೊಳಿಸುವ ವಸ್ತು), ಗುತ್ತಿಗೆ ಕೆಲಸಕ್ಕೆ ಕಟ್ಟಿದ ಜಿಎಸ್‌ಟಿಯಲ್ಲಿ ಹೊರಗಿನ ಉತ್ಪನ್ನಗಳಿಗೆ ಅನುಪಾತವಾದ ಪಾಲು ವಾಪಸ್ ಸಿಗುವುದಿಲ್ಲ, ನೇರ ಖರ್ಚಿಗೆ ಹೋಗುತ್ತದೆ. ಮಾರಾಟದ ಬಹುಪಾಲು ಪೆಟ್ರೋಲ್-ಡೀಸೆಲ್ ಆಗಿರುವ ರಿಫೈನರಿಗೆ ಇದು ಸಣ್ಣ ಮೊತ್ತವಲ್ಲ.

---

ಕ್ರ್ಯಾಕ್_ಸ್ಪ್ರೆಡ್

4% ಪ್ರಶ್ನೆ ಹಾಗೇ ಉಳಿದಿದೆ. ಉತ್ತರ: ಸರಿಯಲ್ಲ. ಜಿಎಸ್‌ಡಿಪಿ ಎಂದರೆ ಮೌಲ್ಯವರ್ಧನೆಗಳ ಮೊತ್ತ, ವಹಿವಾಟುಗಳ ಮೊತ್ತ ಅಲ್ಲ. ಎಂಆರ್‌ಪಿಎಲ್ ಡೀಸೆಲ್ ಅನ್ನು ಎಚ್‌ಪಿಸಿಎಲ್‌ಗೆ ಮಾರಿದಾಗ ಒಮ್ಮೆ, ಎಚ್‌ಪಿಸಿಎಲ್ ಅದನ್ನೇ ಬಂಕಿಗೆ ಮಾರಿದಾಗ ಇನ್ನೊಮ್ಮೆ ವಹಿವಾಟು ದಾಖಲಾಗುತ್ತದೆ. ಎರಡೂ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಅಧೀನ ಕಂಪನಿಗಳೇ. ಒಎನ್‌ಜಿಸಿ ತನ್ನ ಒಟ್ಟು ಲೆಕ್ಕದಲ್ಲಿ ಈ ಒಳವ್ಯವಹಾರ ತೆಗೆದುಹಾಕುತ್ತದೆ, ಭಾಷಣ ಮಾಡುವವರು ತೆಗೆಯುವುದಿಲ್ಲ.

ಸರಿಯಾದ ದಾರಿ: ತೆರಿಗೆ ಪೂರ್ವ ಲಾಭ + ಬಡ್ಡಿ + ಸವಕಳಿ + ಸಂಬಳ. 2023-24ಕ್ಕೆ ಲಾಭ 5,500, ಬಡ್ಡಿ ಮತ್ತು ಸವಕಳಿ ಸೇರಿ 2,300-2,400, ಅದರ ಮೇಲೆ ಸಂಬಳದ ಕೆಲವು ನೂರು ಕೋಟಿ. ಎಂಟು ಸಾವಿರ ಕೋಟಿ ದಾಟಿತು. 25 ಲಕ್ಷ ಕೋಟಿಗೆ ಭಾಗಿಸಿದರೆ 0.3% ಸ್ವಲ್ಪ ಮೇಲೆ. 2024-25ಕ್ಕೆ ಇದೇ ಲೆಕ್ಕ ಮೂರು ಸಾವಿರ ಕೋಟಿ ಸುತ್ತಮುತ್ತ ಬರುತ್ತದೆ. ಅಷ್ಟೇ ಜನ, ಅಷ್ಟೇ ಘಟಕ, ಹೆಚ್ಚು ತೈಲ, ಮೌಲ್ಯವರ್ಧನೆ ಮಾತ್ರ ಅರ್ಧಕ್ಕಿಂತ ಕಡಿಮೆ.

"ವಿದೇಶಿ ವಿನಿಮಯ ಗಳಿಸುತ್ತದೆ" ಎಂಬ ಮಾತನ್ನೂ ಇದೇ ಕಣ್ಣಿನಲ್ಲಿ ನೋಡಿ. ಕಚ್ಚಾತೈಲ ಬಹುತೇಕ ಆಮದು. ರಫ್ತಿನ ಒಟ್ಟು ಬಿಲ್ ತೋರಿಸಿ ಗಳಿಕೆ ಎನ್ನುವುದು ತಪ್ಪು. ದೇಶಕ್ಕೆ ಉಳಿಯುವುದು ತೈಲಕ್ಕೂ ಉತ್ಪನ್ನಕ್ಕೂ ನಡುವಿನ ಅಂತರ, ಅಂದರೆ ಮತ್ತೆ ಅದೇ ಜಿಆರ್‌ಎಂ.

---

ದಕ್ಕೆ_ಪಣಂಬೂರು

ಮಾರಾಯ್ರೇ, ಲೆಕ್ಕವೆಲ್ಲ ಸರಿ, ಆದರೆ 0.3% ಅಂತ ಬರೆದು ಮುಗಿಸಿದರೆ ಜಿಲ್ಲೆಯ ಮಟ್ಟಿಗೆ ಅರ್ಧ ಚಿತ್ರವೂ ಆಗುವುದಿಲ್ಲ. ರಾಜ್ಯದ ಭಾಗಾಕಾರಕ್ಕೆ ಬೆಂಗಳೂರು ಛೇದದಲ್ಲಿ ಕೂತಿರುತ್ತದೆ.

ನವಮಂಗಳೂರು ಬಂದರಿನ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ತೈಲ ಮತ್ತು ತೈಲೋತ್ಪನ್ನ. ರಿಫೈನರಿ ಒಂದು ಘಟಕ ನಿಲ್ಲಿಸಿದರೆ ಬಂದರಿನ ಆದಾಯ, ಟಗ್, ಪೈಲಟ್, ಹಡಗು ಏಜೆಂಟರ ಕೆಲಸ ಎಲ್ಲ ಆ ತಿಂಗಳು ಇಳಿಯುತ್ತದೆ. ಬಂದರಿನ ಆಳ ಸಾಲದ ದೊಡ್ಡ ಹಡಗುಗಳಿಗಾಗಿ ಹೊರಸಮುದ್ರದಲ್ಲಿ ತೇಲು ಲಂಗರು ವ್ಯವಸ್ಥೆ 2013ರಲ್ಲಿ ಬಂತು. ಒಂದೇ ಹಡಗಿನಲ್ಲಿ ಹೆಚ್ಚು ತೈಲ ತಂದರೆ ಬ್ಯಾರೆಲ್‌ಗೆ ಸಾಗಣೆ ವೆಚ್ಚ ಇಳಿಯುತ್ತದೆ, ಅದು ನೇರ ಜಿಆರ್‌ಎಂಗೆ ಸೇರುತ್ತದೆ. ಮಂಗಳೂರು-ಹಾಸನ-ಬೆಂಗಳೂರು ಕೊಳವೆಮಾರ್ಗ 360 ಕಿ.ಮೀ. ಚಿಲ್ಲರೆ. ಇಲ್ಲದಿದ್ದರೆ ಅಷ್ಟೂ ಡೀಸೆಲ್ ಟ್ಯಾಂಕರ್‌ಗಳಲ್ಲಿ ಶಿರಾಡಿ ಘಾಟಿ ಹತ್ತಬೇಕಿತ್ತು, ಮಳೆಗಾಲದಲ್ಲಿ ಆ ರಸ್ತೆಯ ಗತಿ ಎಲ್ಲರಿಗೂ ಗೊತ್ತು.

ಕಾಯಂ ನೌಕರರು ಎರಡೂವರೆ ಸಾವಿರದ ಆಸುಪಾಸು, ಇಷ್ಟು ದೊಡ್ಡ ಹೂಡಿಕೆಗೆ ಕಡಿಮೆಯೇ. ಜಾಗ ಕೊಟ್ಟ ಊರಿನವರಿಗೆ ಅದರಲ್ಲಿ ಎಷ್ಟು ಎಂಬುದು 2021ರ ನೇಮಕಾತಿ ಸಮಯದಲ್ಲಿ ದೊಡ್ಡ ಜಗಳವೇ ಆಯಿತು. ಸ್ಥಳೀಯ ಕೆಲಸ ಹೆಚ್ಚು ಹುಟ್ಟುವುದು ಶಟ್‌ಡೌನ್ ಹೊತ್ತಿನಲ್ಲಿ. ಘಟಕ ಬಿಚ್ಚಿ ಶುಚಿ ಮಾಡಿ ಕ್ಯಾಟಲಿಸ್ಟ್ ಬದಲಿಸಿ ಮತ್ತೆ ಹಚ್ಚುವ ಆ ವಾರಗಳಲ್ಲಿ ವೆಲ್ಡರ್, ಫಿಟ್ಟರ್, ರಿಗ್ಗರ್, ಸ್ಕ್ಯಾಫೋಲ್ಡಿಂಗ್ ಕೆಲಸಗಾರರು ಸಾವಿರಗಟ್ಟಲೆ ಬೇಕು. ಕಂಪನಿಯ ಫಲಿತಾಂಶ ಕೆಟ್ಟಿರುವ ತ್ರೈಮಾಸಿಕವೇ ಸುರತ್ಕಲ್-ಕಾಟಿಪಳ್ಳದ ಗುತ್ತಿಗೆದಾರರಿಗೆ ಒಳ್ಳೆಯ ತ್ರೈಮಾಸಿಕ ಆಗಿರುವುದು ಅಪರೂಪವಲ್ಲ.

ನೀರಿನ ವಿಷಯ ಯಾರೂ ಎತ್ತಲಿಲ್ಲ. 2019ರ ಏಪ್ರಿಲ್-ಮೇಯಲ್ಲಿ ನೇತ್ರಾವತಿ ಬತ್ತಿ ಘಟಕಗಳನ್ನು ನಿಲ್ಲಿಸಬೇಕಾಯಿತು. ಅದೇ ಆಗಸ್ಟ್‌ನಲ್ಲಿ ಆವರಣದೊಳಗೆ ಗುಡ್ಡ ಕುಸಿದು ಮೂರನೇ ಹಂತದ ಘಟಕಗಳು ನಿಂತವು. ಆರ್ಥಿಕ ವರ್ಷದ ಕೊನೆಗೆ ಕೋವಿಡ್, ತೈಲಬೆಲೆ ಪಾತಾಳಕ್ಕೆ, ಮೇಲೆ ಹೇಳಿದ ದಾಸ್ತಾನು ನಷ್ಟ. ಎಲ್ಲ ಸೇರಿ 2019-20ರ ನಷ್ಟ ₹2,700 ಕೋಟಿಗೂ ಮೇಲೆ. ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಕಟ್ಟಿದ್ದು ಆ ನೀರಿನ ಕೊರತೆಗೇ. ಆ ನೀರು ನದಿ ನೀರಿಗಿಂತ ದುಬಾರಿ. ಆದರೆ ಒಂದು ತಿಂಗಳು ಘಟಕ ನಿಂತರೆ ಆಗುವ ನಷ್ಟ, ಬೇಸಿಗೆಯಲ್ಲಿ ನಗರದವರ ಜೊತೆ ನೀರಿಗಾಗಿ ಪೈಪೋಟಿ, ಎರಡನ್ನೂ ಎದುರಿಗಿಟ್ಟರೆ ಕಟ್ಟಲೇಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹತ್ತು ವರ್ಷ ಮೊದಲೇ ಕಟ್ಟಬಹುದಿತ್ತು.

---

ಖಾತೆ_ಕಿರ್ದಿ

ಡಿವಿಡೆಂಡ್ ಲೆಕ್ಕ ಬಿಟ್ಟುಹೋಗಿತ್ತು. 2023-24ಕ್ಕೆ ಷೇರಿಗೆ ಮಧ್ಯಂತರ ₹1, ಅಂತಿಮ ₹2, ಒಟ್ಟು ₹3. ಷೇರುಗಳು 175.26 ಕೋಟಿ, ಆದ್ದರಿಂದ ₹526 ಕೋಟಿ. ಒಎನ್‌ಜಿಸಿ ಕೈಲಿ 71.6% ಇರುವುದರಿಂದ ಅವರಿಗೆ ₹377 ಕೋಟಿ, ಎಚ್‌ಪಿಸಿಎಲ್‌ಗೆ 17% ಲೆಕ್ಕದಲ್ಲಿ ₹89 ಕೋಟಿ, ಉಳಿದದ್ದು ಸಾರ್ವಜನಿಕರಿಗೆ. ಕೇಂದ್ರಕ್ಕೆ ಇದು ಒಎನ್‌ಜಿಸಿಯ ಡಿವಿಡೆಂಡ್ ಮೂಲಕ ಸುತ್ತಿ ಬರುತ್ತದೆ. ಸಿಎಸ್‌ಆರ್, ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ಕೊಡಬೇಕಾದ ದುಡ್ಡು, ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2%. ಹಾಗಾಗಿ 2024-25ರ ಕೆಟ್ಟ ಫಲಿತಾಂಶದ ನೆರಳು ಊರಿನ ಶಾಲೆ-ಆಸ್ಪತ್ರೆ ಕಾಮಗಾರಿಗಳ ಮೇಲೆ ಒಂದೇ ವರ್ಷ ಅಲ್ಲ, ಮುಂದಿನ ಮೂರು ವರ್ಷ ಬೀಳುತ್ತದೆ. ಪಂಚಾಯಿತಿಯವರು ಬೇಡಿಕೆ ಪಟ್ಟಿ ಕೊಡುವಾಗ ಇದನ್ನು ನೋಡಿಕೊಂಡು ಕೊಡುವುದು ಒಳ್ಳೆಯದು.

---

ಕುಳಾಯಿ_ವಾಚಕ

ಕೊನೆಯದೊಂದು. ಮುಂದಿನ ತ್ರೈಮಾಸಿಕ ಫಲಿತಾಂಶ ಬಂದ ದಿನ ಹತ್ತು ನಿಮಿಷದಲ್ಲಿ ನೋಡುವುದಾದರೆ ಏನೇನು ನೋಡಲಿ?

---

ಕ್ರ್ಯಾಕ್_ಸ್ಪ್ರೆಡ್

ಜಿಆರ್‌ಎಂ ಮತ್ತು ಸಂಸ್ಕರಿಸಿದ ಟನ್ ಎರಡೂ ಷೇರುಪೇಟೆಗೆ ಕೊಡುವ ಪತ್ರಿಕಾ ಪ್ರಕಟಣೆಯಲ್ಲೇ ಇರುತ್ತವೆ. ತ್ರೈಮಾಸಿಕಕ್ಕೆ ಒಂದು ಡಾಲರ್ ಅಂದರೆ ₹280 ಕೋಟಿ ಹಿಡಿಯಿರಿ. ಟನ್ನು 4.3 ದಶಲಕ್ಷಕ್ಕಿಂತ ತುಂಬ ಕೆಳಗಿದ್ದರೆ ಯಾವುದೋ ಘಟಕ ನಿಂತಿತ್ತು ಎಂದೇ ಅರ್ಥ, ಟಿಪ್ಪಣಿಯಲ್ಲಿ ಶಟ್‌ಡೌನ್ ಎಂದು ಹುಡುಕಿ. ಆಮೇಲೆ ಆ ಮೂರು ತಿಂಗಳ ಮೊದಲ ದಿನ ಮತ್ತು ಕೊನೆಯ ದಿನದ ಬ್ರೆಂಟ್ (ಕಚ್ಚಾತೈಲದ ಅಂತರರಾಷ್ಟ್ರೀಯ ಮಾನದಂಡ) ಬೆಲೆ ನೋಡಿ, ಜಿಆರ್‌ಎಂನಲ್ಲಿ ದಾಸ್ತಾನಿನ ಕೈವಾಡ ಎಷ್ಟು ಎಂದು ಅಂದಾಜು ಸಿಗುತ್ತದೆ. ಏಷ್ಯಾದ ರಿಫೈನರಿಗಳಿಗೆ ಅಳತೆಗೋಲಾದ ಸಿಂಗಪುರದ ಜಿಆರ್‌ಎಂ ಜೊತೆ ಹೋಲಿಸುವಾಗ ಎಚ್ಚರ: ಅದು ಮಾದರಿ ಲೆಕ್ಕ, ಅದರಲ್ಲಿ ದಾಸ್ತಾನು ಲಾಭ-ನಷ್ಟ ಇರುವುದಿಲ್ಲ. ಸಾಲದ ಸಂಖ್ಯೆಗೆ ಮಾತ್ರ ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶದ ತನಕ ಕಾಯಬೇಕು, ಆಸ್ತಿ-ಹೊಣೆ ಪಟ್ಟಿ ಕೊಡುವುದು ಆಗಲೇ.